ಹರಿಗೋಲಿನಲ್ಲಿ ಮೂರನೆಯವನು

ದಢೂತಿ ದೇಹ ಪಡೆದವನಿಗೆ ಸ್ವಂತ ಬದುಕೆಂಬುದಿಲ್ಲ. ಅವನು ಊರಿನ ಸಾರ್ವಜನಿಕ ಸ್ವತ್ತು. ಎತ್ತಿನ ಗಾಡಿಯ ಮೂಕಿ ಮೇಲೆದ್ದರೆ ಮುಂದೆ ಕೂರಿಸುತ್ತಾರೆ, ಮದುಮಗಳ ಟ್ರಂಕು ಮುಚ್ಚದಿದ್ದರೆ ಅದರ ಮೇಲೆ ಕೂರಿಸುತ್ತಾರೆ. ಕೆ.ಆರ್. ಪೇಟೆಯಲ್ಲಿ ಇಷ್ಟು ವರ್ಷ ಪಾಠ ಹೇಳಿದ ನನ್ನನ್ನು ಬುದ್ಧಿ ಕೇಳಲೆಂದು ಕರೆದವರು ಮಾತ್ರ ಯಾರೂ ಇಲ್ಲ. ಇದನ್ನೆಲ್ಲ ಸಹಿಸಿಯೇನು. ಪರರ ಪ್ರಣಯಕ್ಕೂ ನನ್ನನ್ನೇ ಕರೆದರೆ?

ಆ ಭಾನುವಾರ ಮೀನು ತರಲೆಂದು ಹೇಮಗಿರಿಯ ಹೊಳೆದಂಡೆಗೆ ಹೋಗಿದ್ದೆ. ಮೀನು ಹಿಡಿಯುವವರ ಗುಡಿಸಲುಗಳ ಮುಂದೆ ಕಾರೊಂದು ನಿಂತಿತು. ಇಳಿದವನು ಕಪ್ಪು ಕನ್ನಡಕ ಹಾಕಿ ತಲೆಗೆ ಟವೆಲು ಸುತ್ತಿದ್ದರೂ, ನನ್ನ ಹೆಂಡತಿ ಆರಾಧಿಸುವ ಚಿತ್ರನಟನೇ ಎಂದು ಗೊತ್ತಾಯಿತು. ಜೊತೆಗೆ ಅವನ ಪ್ರೇಯಸಿ. ಗದ್ದಲವಿಲ್ಲದೆ ಹೊಳೆಯಲ್ಲಿ ಒಂದು ಸುತ್ತು ಹೋಗಬೇಕಂತೆ, ಇಬ್ಬರೇ. ಹರಿಗೋಲಿನ ಚಿಕ್ಕಣ್ಣ ತಲೆಯಾಡಿಸಿದ. "ಇಬ್ರೂ ಒಂದೇ ಕಡೆ ಕುಂತ್ರೆ ಮಗುಚ್ಕತ್ತದೆ ಸಾಮಿ. ನೀವೊಂದ್ಕಡೆ, ಅಮ್ಮಾವ್ರೊಂದ್ಕಡೆ ಕುಂತ್ಕಬೇಕು." ನಟನ ಮುಖ ಬಾಡಿತು. ಆಗ ಚಿಕ್ಕಣ್ಣನ ಕಣ್ಣು ನನ್ನ ಮೇಲೆ ಬಿತ್ತು. "ಬನ್ನಿ ಮೇಷ್ಟ್ರೇ, ಆ ಕಡೆ ಕುಂತ್ಕಳಿ. ಈ ಮೈ ಇವತ್ತಾದ್ರೂ ಯಾರ್ಗಾರ ಉಪ್ಯೋಗ್ಕೆ ಬರ್ಲಿ!"

ಹರಿಗೋಲೆಂದರೆ ದುಂಡನೆಯ ಬುಟ್ಟಿ. ಎದುರು ಕೂತವನಿಗೆ ಬೇರೆಡೆ ನೋಡುವ ಸೌಕರ್ಯವಿಲ್ಲ. ಅವರು ಪಿಸುಗುಟ್ಟಿದಾಗಲೆಲ್ಲ ನಾನು ಆಕಾಶದ ಹದ್ದನ್ನು ಪರಿಶೀಲಿಸಿದೆ. ಸಂಕೋಚದಿಂದ ತುಸು ಸರಿದರೂ ಚಿಕ್ಕಣ್ಣ, "ಅಳ್ಳಾಡ್ಬ್ಯಾಡಿ ಮೇಷ್ಟ್ರೇ, ನಿಮ್ ಕಾಲಿಗ್ ಬೀಳ್ತೀನಿ!" ಎಂದು ಕೂಗುತ್ತಿದ್ದ. ಅವನು ಹರಿಗೋಲನ್ನು ಗಿರ್ರನೆ ತಿರುಗಿಸಿದಾಗ ನೀರೆಲ್ಲ ನನ್ನ ಮೇಲೆಯೇ ಸಿಡಿಯಿತು. ಆಕೆ ಕನಿಕರದಿಂದ ಸೆಂಟು ಘಮಘಮಿಸುವ ಕರವಸ್ತ್ರ ಕೊಟ್ಟಳು. ತಲೆ, ಕತ್ತು, ಅಂಗಿ ಎಲ್ಲ ಒರೆಸಿಕೊಂಡೆ. ದಡದಲ್ಲಿ ನಟ ಕೈ ಹಿಡಿದು, "ಯಾರಿಗೂ ಹೇಳ್ಬೇಡಿ ಸಾರ್, ಮನೇಲೂ" ಎಂದ. ಮಾತು ಕೊಟ್ಟೆ.

ಬಸ್ಸು ಹತ್ತಿದ ಮೇಲೆ ಅರಿವಾಯಿತು: ಮೈಯೆಲ್ಲ ಪರಸ್ತ್ರೀಯ ಪರಿಮಳ! ಸತ್ಯ ಹೇಳುವಂತಿಲ್ಲ, ಸುಳ್ಳು ಬರುವುದಿಲ್ಲ. ಸಂಸಾರ ಮುರಿದರೂ ಮಾತು ಮುರಿಯಲಾರೆನೆಂದು ನಿಶ್ಚಯಿಸಿ ಹೊಸ್ತಿಲು ದಾಟಿದೆ. ಹೆಂಡತಿ ಟೀವಿಯ ಭಾನುವಾರದ ಸಿನಿಮಾದಿಂದ ಕಣ್ಣು ಕೀಳದೆ ಮೂಗೆಳೆದಳು. "ಏನ್ರೀ, ಮೀನ್ ತರಾಕೋಗಿ ಕ್ಷೌರದಂಗ್ಡೀಲಿ ಕುಂತಿದ್ರಾ? ಪೌಡ್ರು ವಾಸ್ನೆ!"

ಅಷ್ಟೇ. ಆ ಹಣೆಯ ಮೇಲೆ ಅನುಮಾನದ ಒಂದು ಗೆರೆಯೂ ಇಲ್ಲ! ಕೊಟ್ಟ ಮಾತು ಹಾಳಾಗಲಿ, ಗಂಡಸಿನ ಮರ್ಯಾದೆ ಉಳಿಯಲಿ ಎನ್ನಿಸಿತು. ಪರದೆಯ ಮೇಲೆ ನಾಯಕಿಯ ಸುತ್ತ ಕುಣಿಯುತ್ತಿದ್ದವನು ಅದೇ ನಟ. ಅವನತ್ತ ಬೆರಳು ತೋರಿ ಹೊಳೆ, ಪ್ರೇಯಸಿ, ಕರವಸ್ತ್ರ ಎಲ್ಲವನ್ನೂ ಒದರಿಬಿಟ್ಟೆ.

ಅವಳು ಪೂರ್ತಿ ಕೇಳಿದಳು. "ಆಯ್ತು ಬುಡಿ. ಈಗ ವಸಿ ಆ ಕಡೀಕ್ ಸರೀರಿ, ಅಡ್ಡ ನಿಂತಿದ್ದೀರ, ಅವ್ರು ಕಾಣಾಕಿಲ್ಲ."

ಸರಿದೆ. ನಟನ ಗುಟ್ಟು ನಮ್ಮ ಮನೆಯಲ್ಲಿ ಇಂದಿಗೂ ಭದ್ರವಾಗಿದೆ. ಹರಿಗೋಲಿನಲ್ಲಾದರೂ ಅಲ್ಲಾಡಬೇಡಿ ಎಂದು ನನ್ನನ್ನು ಬೇಡಿಕೊಂಡಿದ್ದರು.