ಹೋಲಿಕೆ ಗುಂಪಿನ ಮಕ್ಕಳು ಇಂಗ್ಲಿಷ್ ಕಲಿತುಬಿಟ್ಟಿರುವ ಬಗ್ಗೆ

ಮಾಧ್ಯಮಿಕ ಶಿಕ್ಷಣ ಮಾಪನ ಇಲಾಖೆ, ಪುಕಾಚಾಕಾ ವಲಯ ಕಚೇರಿ, ಪೆರು
ಸಂಖ್ಯೆ: ಮಾಶಿಮಾ/ಸರಾಸರಿ/ಬಿ/14

ವಿಷಯ: ಮೂರನೇ ವರ್ಷದ 'ಬಿ' ವಿಭಾಗದವರು ಅನುಮತಿಯಿಲ್ಲದೆ ಗಳಿಸಿರುವ ಇಂಗ್ಲಿಷ್ ಜ್ಞಾನವನ್ನು ಹತೋಟಿಗೆ ತರುವ ಕುರಿತು.

ಉಲ್ಲೇಖ: 1) ವಿದೇಶಿ ಪ್ರತಿಷ್ಠಾನದ ಕೊಡುಗೆಯಾದ ಶ್ರವಣ ಯೋಜನೆ. 2) 'ಬಿ' ವಿಭಾಗದ ಇಂಗ್ಲಿಷ್ ಶಿಕ್ಷಕ ಎಲ್ಮೆರ್ ಪಚೋ ಅವರ ಸಮಜಾಯಿಷಿ. 3) ಅವರ ವಿದ್ಯಾರ್ಥಿನಿ ಸಬಿನಾಳ ತಾಯಿ, ಮುಸುಕಿನ ಜೋಳ ಮಾರುವ ದೋನ್ಯಾ ಫೋರ್ತುನಾತಾ ಅವರು ಕಚೇರಿಯ ಜವಾನರಿಗೆ ಹೇಳಿ ಕಳುಹಿಸಿದ ಮಾತುಗಳು (ಮುದ್ರಿಸಬಹುದಾದಷ್ಟು).

ಪ್ರಸ್ತಾವನೆ:

ಮೇಲ್ಕಂಡ ಯೋಜನೆಯಡಿ 'ಎ' ವಿಭಾಗಕ್ಕೆ ಇಂಗ್ಲಿಷ್ ಪಾಠ ಕೇಳಿಸುವ ಹೆಡ್‌ಫೋನ್ ನೀಡಿ ಅದನ್ನು ಪ್ರಯೋಗ ಗುಂಪೆಂದೂ, 'ಬಿ' ವಿಭಾಗಕ್ಕೆ ಏನನ್ನೂ ನೀಡದೆ ಅದನ್ನು ಹೋಲಿಕೆ ಗುಂಪೆಂದೂ ಘೋಷಿಸಲಾಗಿತ್ತು. ಮಾರ್ಚ್ ತಿಂಗಳಲ್ಲಿ ಎರಡೂ ವಿಭಾಗಗಳ ಇಂಗ್ಲಿಷ್ ಸರಾಸರಿಯೂ ಇಪ್ಪತ್ತಕ್ಕೆ ಎಂಟು. ಜುಲೈನಲ್ಲಿ 'ಎ' ಹತ್ತಕ್ಕೆ ಏರಿರುವುದು ಸಂತೋಷಕರ. ಆದರೆ 'ಬಿ' ಹದಿನಾಲ್ಕಕ್ಕೆ ಏರಿದ್ದು, ಇದು ಅಶಿಸ್ತಿನ ಪರಮಾವಧಿ ಎಂದು ಇಲಾಖೆಯು ಭಾವಿಸುತ್ತದೆ. ವ್ಯತ್ಯಾಸ ಆಕಸ್ಮಿಕವೇ ಎಂದು ಲೆಕ್ಕ ಹಾಕಿ ನೋಡಲಾಗಿ, ದುರದೃಷ್ಟವಶಾತ್ ಅಲ್ಲವೆಂದು ತಿಳಿದುಬಂದಿದೆ.

ಈ ಬಗ್ಗೆ ಶ್ರೀ ಪಚೋ ಅವರು, "ದೇವರಾಣೆ ನಾನೇನೂ ಕಲಿಸಿಲ್ಲ ಸಾರ್. ಪುಸ್ತಕಾನೂ ಇರ್ಲಿಲ್ಲ. ಮಕ್ಕಳನ್ನ ರೈಲು ನಿಲ್ಲೋ ಕಡೆ ಕರ್ಕೊಂಡೋಗಿ, ಜೋಳ ಮಾರ್ಕೊಳ್ರಪ್ಪಾ ಅಂದೆ, ಅಷ್ಟೇ" ಎಂದು ತಪ್ಪೊಪ್ಪಿಕೊಂಡಿದ್ದಾರೆ. ಪ್ರವಾಸಿಗರ ರೈಲು ನಿಂತಾಗಲೆಲ್ಲ ಸದರಿ ಮಕ್ಕಳು ಬೇಯಿಸಿದ ಜೋಳ ಮತ್ತು ಚೀಸ್ ಹಿಡಿದು ಕಿಟಕಿ ಕಿಟಕಿಗೂ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುತ್ತಿರುವುದು ತನಿಖೆಯಿಂದ ದೃಢಪಟ್ಟಿದೆ. ಆದ್ದರಿಂದ ಕೆಳಕಂಡಂತೆ ಸೂಚಿಸಲಾಗಿದೆ:

1. 'ಬಿ' ವಿಭಾಗದವರು ಮಾರ್ಚ್ ತಿಂಗಳಲ್ಲಿ ತಮಗೆ ಗೊತ್ತಿದ್ದಷ್ಟೇ ಇಂಗ್ಲಿಷನ್ನು ಡಿಸೆಂಬರ್ ಪರೀಕ್ಷೆಯವರೆಗೆ ಉಳಿಸಿಕೊಳ್ಳತಕ್ಕದ್ದು. ಹೆಚ್ಚುವರಿ ಪದಗಳನ್ನು ಮುಖ್ಯೋಪಾಧ್ಯಾಯರ ವಶಕ್ಕೆ ಒಪ್ಪಿಸಿ ರಸೀದಿ ಪಡೆಯುವುದು. ಪರೀಕ್ಷೆಯ ನಂತರ ಅವನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸಲಾಗುವುದು.

2. ರೈಲಿನ ಬಳಿ ಬೆರಳು ಮತ್ತು ಹುಬ್ಬುಗಳಿಂದ ಮಾತ್ರ ವ್ಯವಹರಿಸತಕ್ಕದ್ದು. ಹುಬ್ಬನ್ನು ಸ್ಪ್ಯಾನಿಷ್ ಅಥವಾ ಕೆಚುವಾ ಭಾಷೆಯಲ್ಲಿ ಏರಿಸಬಹುದು.

3. ಪ್ರವಾಸಿಗರು ಜೋಳ ಕೊಳ್ಳುವ ಮೊದಲು ಮಾರುವವರು ಯಾವ ಗುಂಪಿನವರೆಂದು ವಿಚಾರಿಸಿಕೊಳ್ಳಲು ಇಂಗ್ಲಿಷ್ ಫಲಕವೊಂದನ್ನು ನೆಡುವುದು. ಬರೆಯುವ ಕೆಲಸವನ್ನು 'ಎ' ವಿಭಾಗಕ್ಕೆ ಈಗಾಗಲೇ ವಹಿಸಲಾಗಿದ್ದು, ಅವರು ಒಂದು ತಿಂಗಳಿನಿಂದ ಮೊದಲ ಪದದ ಬಗ್ಗೆ ಚರ್ಚಿಸುತ್ತಿದ್ದಾರೆ.

4. ಹೆಡ್‌ಫೋನ್ ಧರಿಸಿ ನಿದ್ರಿಸುವ 'ಎ' ವಿಭಾಗದವರನ್ನು ಆಳವಾಗಿ ಆಲಿಸುತ್ತಿರುವವರೆಂದು ಪರಿಗಣಿಸತಕ್ಕದ್ದು.

5. 'ಬಿ' ಸರಾಸರಿಯನ್ನು ಎಲ್ಲರಿಗಿಂತ ಹೆಚ್ಚು ಮೇಲೆತ್ತಿರುವ ಕುಮಾರಿ ಸಬಿನಾ ಟಿಕೋನಾಳನ್ನು 'ಎ' ವಿಭಾಗಕ್ಕೆ ವರ್ಗಾಯಿಸಿ, ಎರಡೂ ಸರಾಸರಿಗಳನ್ನು ಒಂದೇ ಏಟಿಗೆ ಸರಿಪಡಿಸಲು ಯತ್ನಿಸಲಾಯಿತು. ಆದರೆ ಹೆಡ್‌ಫೋನಿನಲ್ಲಿ ಪೆನ್ಸಿಲ್ ಬಗ್ಗೆ ಮಾತಾಡುವವರನ್ನು ಆಲಿಸಿದ ಸದರಿ ವಿದ್ಯಾರ್ಥಿನಿಯು, "ಈ ಯಪ್ಪ ಏನೂ ಮಾರ್ತಾನೂ ಇಲ್ಲ, ಕೊಳ್ತಾನೂ ಇಲ್ಲ. ಮತ್ಯಾಕೆ ಮಾತಾಡ್ತಾನೆ?" ಎಂದು ಕೇಳಿ ಇಡೀ ತರಗತಿಯ ಆಲಿಕೆಯನ್ನು ಕೆಡಿಸಿದ್ದರಿಂದ ಅವಳನ್ನು ಅಂದೇ ವಾಪಸು ಕಳುಹಿಸಲಾಗಿದೆ. ಅವಳ ತಾಯಿಗೆ ನೀಡಿದ ನೋಟಿಸಿಗೆ, "ಕುಣೀಲಾರ್ದವಳು ನೆಲ ಡೊಂಕು ಅಂದ್ಳಂತೆ. ಮಗಳು ಕಲಿತಳು ಅಂತ ನೋಟಿಸ್ ಕೊಡೋರನ್ನ ಇವತ್ತೇ ಕಂಡಿದ್ದು ನಾನು. ಪಕ್ಕಕ್ಕೆ ನಿಂತ್ಕೊಳ್ಳಯ್ಯಾ, ಜೋಳ ಆರ್ತಿದೆ" ಎಂಬ ಉತ್ತರ ಸ್ವೀಕೃತವಾಗಿದೆ.

6. ಡಿಸೆಂಬರ್ ಪರೀಕ್ಷೆಯಲ್ಲಿ 'ಬಿ' ಸರಾಸರಿ 'ಎ'ಗಿಂತ ಕೆಳಗಿಳಿಯದಿದ್ದಲ್ಲಿ, ಹನ್ನೊಂದು ವರ್ಷಗಳಿಂದ ಗುತ್ತಿಗೆಯ ಮೇಲಿರುವ ಶ್ರೀ ಪಚೋ ಅವರ ಗುತ್ತಿಗೆಯನ್ನು ನವೀಕರಿಸಲಾಗುವುದಿಲ್ಲ. ಈ ಷರತ್ತನ್ನು ಕೇಳಿ 'ಬಿ' ವಿಭಾಗದ ಕೆಲವರು ಅತ್ತಿರುತ್ತಾರೆ. ಅತ್ತದ್ದು ಯಾವ ಭಾಷೆಯಲ್ಲೆಂದು ಪರಿಶೀಲಿಸಲಾಗುತ್ತಿದೆ.

7. ಪ್ರತಿಷ್ಠಾನದ ಪ್ರತಿನಿಧಿಯಾದ ವಿದೇಶಿ ಮಹಿಳೆಯು ಬರುವ ವಾರ ಭೇಟಿ ನೀಡಲಿದ್ದಾರೆ. ದುಭಾಷಿಗಾಗಿ ಕಚೇರಿಯ ಸಿಬ್ಬಂದಿಯಲ್ಲಿ ಹುಡುಕಲಾಗಿ, ಇಂಗ್ಲಿಷನ್ನು ಅಳೆಯಬಲ್ಲವರು ಹಲವರಿದ್ದರೂ ಬಲ್ಲವರು ಯಾರೂ ಇಲ್ಲವೆಂದು ಕಂಡುಬಂದಿದೆ. ಅನಿವಾರ್ಯವಾಗಿ ಅಂದು ಒಂದು ದಿನದ ಮಟ್ಟಿಗೆ ಕುಮಾರಿ ಸಬಿನಾ 'ಎ' ವಿಭಾಗದವಳಂತೆ ಕೊರಳಿಗೆ ಹೆಡ್‌ಫೋನ್ ಹಾಕಿಕೊಂಡು ಅನುವಾದಿಸತಕ್ಕದ್ದು. ಅವಳ ಅನುವಾದವೇ ಅಧಿಕೃತ. ಅಂದು ಆಡಿದ ಇಂಗ್ಲಿಷನ್ನು ಇಂಗ್ಲಿಷೆಂದು ಎಣಿಸಲಾಗುವುದಿಲ್ಲ.

ಸೇರ್ಪಡೆ:

ಈ ಸುತ್ತೋಲೆ ಟಪಾಲಿಗೆ ಹೋಗುವ ಮೊದಲೇ ಪ್ರತಿನಿಧಿಯವರು ಬಂದುಹೋಗಿರುತ್ತಾರೆ. ಅವರು ನಗುತ್ತ ಮೂರು ವಾಕ್ಯ ಮಾತನಾಡಿ ಜೋಳ ತಿನ್ನಲಾರಂಭಿಸಿದರು. ಕುಮಾರಿ ಸಬಿನಾಳ ಅನುವಾದವು ಅವರು ಎರಡನೇ ತೆನೆ ಮುಗಿಸುವವರೆಗೂ ನಡೆಯಿತು. ಸದರಿ ಅನುವಾದದ ಪ್ರಕಾರ, ಶ್ರೀ ಪಚೋ ಅವರನ್ನು ಕೂಡಲೇ ಕಾಯಂ ಮಾಡಬೇಕೆಂದೂ, ತಮ್ಮ ದೇಶದಲ್ಲಿ ಇಂಥ ಮೇಷ್ಟ್ರನ್ನು ಯಾರೂ ಬಿಡುವುದಿಲ್ಲವೆಂದೂ, ರೈಲು ನಿಲ್ಲುವ ಜಾಗವನ್ನು ತರಗತಿಯೆಂದು ಮಾನ್ಯ ಮಾಡಬೇಕೆಂದೂ, ಜೋಳ ಮಾರುವ ತಾಯಂದಿರ ತಂಟೆಗೆ ಕಚೇರಿಯವರು ಹೋಗಬಾರದೆಂದೂ ಪ್ರತಿನಿಧಿಯವರು ಅಪ್ಪಣೆ ಕೊಡಿಸಿದ್ದಾರೆ.

ಮೂರು ವಾಕ್ಯದಲ್ಲಿ ಇಷ್ಟೆಲ್ಲ ಹೇಗೆಂದು ಕೆಳಸಹಿದಾರರು ವಿಚಾರಿಸಲಾಗಿ, "ಇಂಗ್ಲಿಷೇ ಹಾಗೆ ಸಾರ್, ಸ್ವಲ್ಪದ್ರಲ್ಲೇ ಎಲ್ಲಾ ಬಂದ್ಬಿಡುತ್ತೆ. ನೀವೂ ರೈಲಿನ ಹತ್ರ ಬನ್ನಿ, ಕಲಿಸ್ಕೊಡ್ತೀನಿ" ಎಂದು ಕುಮಾರಿ ಸಬಿನಾ ಉತ್ತರಿಸಿದಳು. ಇದನ್ನು ತಾಳೆ ನೋಡಬಲ್ಲವರು ವಲಯದಲ್ಲಿ ಯಾರೂ ಇಲ್ಲದ ಕಾರಣ, ಹಾಗೂ ಷರತ್ತು 7ರಂತೆ ಅವಳ ಅನುವಾದವೇ ಅಧಿಕೃತವಾಗಿರುವ ಕಾರಣ, ಷರತ್ತು 1ರಿಂದ 6ನ್ನು ರದ್ದುಪಡಿಸಿ ಶ್ರೀ ಎಲ್ಮೆರ್ ಪಚೋ ಅವರನ್ನು ಕಾಯಂಗೊಳಿಸಿ ಆದೇಶಿಸಲಾಗಿದೆ.

ಸಹಿ/-
ಉಪನಿರ್ದೇಶಕರು (ಸರಾಸರಿ)

ಪ್ರತಿಗಳು:
1. ಶ್ರೀ ಎಲ್ಮೆರ್ ಪಚೋ ಅವರಿಗೆ. ಸಂತೋಷವನ್ನು ಮಿತಿಯಲ್ಲಿ ವ್ಯಕ್ತಪಡಿಸುವುದು.
2. 'ಎ' ವಿಭಾಗಕ್ಕೆ, ಎಚ್ಚರವಾದ ನಂತರ ಓದಲು.
3. ದೋನ್ಯಾ ಫೋರ್ತುನಾತಾ ಅವರಿಗೆ, ಇದರಲ್ಲಿ ಜೋಳ ಕಟ್ಟಿಕೊಡಬಾರದೆಂಬ ಕೋರಿಕೆಯೊಂದಿಗೆ.
4. ವಿದೇಶಿ ಪ್ರತಿಷ್ಠಾನಕ್ಕೆ, ಇಂಗ್ಲಿಷ್ ಅನುವಾದದೊಂದಿಗೆ. ಅನುವಾದ: ಕುಮಾರಿ ಸಬಿನಾ ಟಿಕೋನಾ. ಅದರಲ್ಲಿ ಏನಿರಬೇಕೆಂಬುದನ್ನು ಅವಳ ವಿವೇಚನೆಗೆ ಬಿಡಲಾಗಿದೆ.