ನಮ್ಮ ಮನೆ ಗಾಳಿಯ ಅಳತೆ

ಸ್ವಂತ ಮನೆಯ ಅಳತೆಯ ವಿಷಯದಲ್ಲಿ ಸದಾ ನಿಜ ಹೇಳುವವರನ್ನು ನಾನಂತೂ ಕಂಡಿಲ್ಲ. ತೆರಿಗೆ ಕಟ್ಟುವಾಗ ಕುಗ್ಗುವ ಮನೆ ಬಾಡಿಗೆಗೆ ಕೊಡುವಾಗ ಹಿಗ್ಗುತ್ತದೆ. ನೆಂಟರು ನಾಲ್ಕು ದಿನ ಇದ್ದು ಹೋಗ್ತೀವಿ ಅಂದರೆ ಮತ್ತೆ ಕುಗ್ಗುತ್ತದೆ. ಸರ್ಕಾರಿ ಎಂಜಿನಿಯರಾಗಿ ಊರವರ ಜಾಗಕ್ಕೆಲ್ಲ ಟೇಪು ಹಿಡಿದು ನಿವೃತ್ತನಾದ ನಾನೂ ಇದಕ್ಕೆ ಹೊರತಲ್ಲ. ಅದರ ಫಲ ಉಂಡದ್ದು ಮಾತ್ರ ನನ್ನ ಹೆಂಡತಿ ವಿಮಲಾಳ ಮೂಗು.

ಕುಮಾರಸ್ವಾಮಿ ಲೇಔಟಿನ ನಮ್ಮ ರಸ್ತೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಅಗೆದರು. ಮೊದಲು ನೀರಿನ ಪೈಪಿಗೆ, ಆಮೇಲೆ ಕೇಬಲ್ಲಿಗೆ, ಮೂರನೆಯ ಸಲ ಮೊದಲೆರಡನ್ನು ಸರಿಪಡಿಸಲಿಕ್ಕೆ. ಸರ್ವೀಸಿನಲ್ಲಿದ್ದಾಗ ಇಂಥವನ್ನು ನಾನೂ ಮಾಡಿಸಿದ್ದರಿಂದ ಬೈಯಲು ಬಾಯಿರಲಿಲ್ಲ. ವಿಮಲಾಳಿಗೆ ಬೆಳಗಾದರೆ ಸೀನು ಶುರುವಾಗುತ್ತಿತ್ತು, ಜೊತೆಗೆ ಉಬ್ಬಸವೂ ಕಾಣಿಸಿಕೊಂಡಿತು. ಡಾಕ್ಟರಮ್ಮ, "ಮಲಗೋ ರೂಮಿಗೆ ಒಂದು ಏರ್ ಪ್ಯೂರಿಫೈಯರ್ ಇಡಿ. ರೂಮಿನ ಅಳತೆಗೆ ತಕ್ಕದ್ದು ತಗೊಳ್ಳಿ, ಬಾಗಿಲು ಕಿಟಕಿ ಮುಚ್ಚಿರಿ, ಅಷ್ಟು ಸಾಕು" ಅಂದರು.

ಅಂಗಡಿಗೆ ನಾವಿಬ್ಬರೇ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಜೊತೆಗೆ ನನ್ನ ಷಡ್ಡಕ ಶ್ರೀಧರ ಬಂದ. ವಿಮಲಾಳ ತಂಗಿಯ ಗಂಡ, ಜೆ.ಪಿ. ನಗರದ ಫ್ಲ್ಯಾಟಿನವನು. ಷಡ್ಡಕರ ನಡುವಿನ ಪ್ರೀತಿ ಎಂಥದ್ದೆಂದು ಷಡ್ಡಕರಿದ್ದವರಿಗೆ ವಿವರಿಸಬೇಕಾಗಿಲ್ಲ. ಜಯನಗರದ ಅಂಗಡಿಯ ಮೆಟ್ಟಿಲ ಮೇಲೇ, "ನಮ್ಮ ಹಾಲಿಗೆ ನಾನೂರು ಸ್ಕ್ವೇರ್ ಫೀಟಿಂದು ತಗೊಂಡೆ ಭಾವ. ಸಣ್ಣದು ಸಾಕಾಗಲ್ಲ ಅಂದ್ರು" ಅಂದ.

ಒಳಗೆ ಅಂಗಡಿಯ ಹುಡುಗಿ, "ರೂಮ್ ಎಷ್ಟು ದೊಡ್ಡದಿದೆ ಸಾರ್?" ಎಂದು ಕೇಳಿದಳು. ವಿಮಲಾ "ಹತ್ತು ಬೈ..." ಅನ್ನುವಷ್ಟರಲ್ಲಿ ನಾನು "ಐನೂರು ಸ್ಕ್ವೇರ್ ಫೀಟ್" ಅಂದುಬಿಟ್ಟೆ. ನಮ್ಮ ಮಲಗುವ ಕೋಣೆ ಐನೂರು ಅಡಿ ಆಗಬೇಕಾದರೆ ಪಕ್ಕದ ಮನೆಯವರ ಅಡುಗೆಮನೆಯನ್ನೂ ಸೇರಿಸಿಕೊಳ್ಳಬೇಕು. ಆದರೆ ಶ್ರೀಧರ ಸುಮ್ಮನಾದ. ಆ ಸುಖ ಮನೆ ತಲುಪುವವರೆಗೂ ಇತ್ತು.

ಬಂದದ್ದು ಸೊಂಟದೆತ್ತರದ ಯಂತ್ರ. ಕೋಣೆಯಲ್ಲಿಟ್ಟರೆ ಬೀರುವಿನ ಬಾಗಿಲು ತೆರೆಯದು, ಬೀರು ತೆರೆಯುವಂತೆ ಸರಿಸಿದರೆ ಮಂಚ ಹತ್ತುವಂತಿಲ್ಲ. ಕೊನೆಗೆ ಅದನ್ನು ಹಾಲಿನಲ್ಲಿ ನಿಲ್ಲಿಸಿದೆ. ನಮ್ಮ ಮುಂಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುವುದರಿಂದ ಅದು ಇಡೀ ರಸ್ತೆಯ ಧೂಳನ್ನು ಸೋಸತೊಡಗಿತು. ಬಂದವರೆಲ್ಲ "ಸಖತ್ತಾಗಿದೆ ಸಾರ್" ಅಂದರು. ನಾನು ಅದರ ಗುಣಗಾನ ಮಾಡುತ್ತಿದ್ದರೆ ಒಳಕೋಣೆಯಿಂದ ಸೀನು ಕೇಳುತ್ತಿತ್ತು. "ಸ್ವಲ್ಪ ದಿನ ಆಗಲಿ, ಗಾಳಿ ಸೆಟ್ಟಾಗಬೇಕು" ಎಂದು ವಿಮಲಾಳಿಗೆ ಹೇಳಿದೆ. ಗಾಳಿ ಸೆಟ್ಟಾಗುವುದು ಅಂದರೇನು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊರಗಿನಿಂದ ಬಂದೆ. ಮುಂಬಾಗಿಲು ಹಾಕಿತ್ತು. ನನ್ನ ಕೀಲಿಯಿಂದ ತೆಗೆದು ನೋಡಿದರೆ ವಿಮಲಾ ಯಂತ್ರದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಗೋಡೆಗೆ ತಲೆಯಾನಿಸಿ, ಕೂತಲ್ಲೇ ನಿದ್ದೆ ಹೋಗಿದ್ದಳು. ಸದ್ದಿಗೆ ಎಚ್ಚರಾಗಿ, "ಇಲ್ಲಾದ್ರೆ ಸ್ವಲ್ಪ ಉಸಿರಾಡೋಕಾಗುತ್ತೆ ರೀ" ಅಂದಳು. ದೂರಿದ್ದರೆ ವಾದ ಮಾಡುತ್ತಿದ್ದೆ. ಅವಳು ದೂರಲಿಲ್ಲ. ನಾನು ಅಟ್ಟದಿಂದ ಟೇಪು ಇಳಿಸಿ ಕೋಣೆ ಅಳೆದೆ. ಹತ್ತು ಬೈ ಹನ್ನೊಂದು. ಅವಳಿಗೆ ಇದು ಟೇಪಿಲ್ಲದೆಯೇ ಗೊತ್ತಿತ್ತು.

"ಯೂಸ್ ಮಾಡಿದ್ದು ವಾಪಸ್ ತಗೊಳ್ಳಲ್ಲ ಸಾರ್" ಎಂದಳು ಅಂಗಡಿಯ ಹುಡುಗಿ. ಇನ್ನೊಂದು ಕೊಂಡೆವು. ಈ ಸಲ ಅಳತೆ ಹೇಳಿದ್ದು ವಿಮಲಾ. ಬಕೆಟ್ಟಿನಷ್ಟಿರುವ ಆ ಯಂತ್ರ ಮಂಚದ ಪಕ್ಕ ಸದ್ದಿಲ್ಲದೆ ಕೂತಿತು. ವಾರ ಕಳೆಯುವುದರೊಳಗೆ ಸೀನು ಎರಡು ಮೂರಕ್ಕೆ ಇಳಿಯಿತು, ಉಬ್ಬಸ ನಿಂತಿತು.

ಭಾನುವಾರ ಶ್ರೀಧರ ಬಂದ. ಹಾಲಿನದನ್ನು ನೋಡಿದ, ಕೋಣೆಗೆ ಇಣುಕಿ ಅಲ್ಲಿನದನ್ನೂ ನೋಡಿದ. "ಎರಡೆರಡು ಯಾಕೆ ಭಾವ?" ಅಂದ. ಕಾಫಿ ಹಿಡಿದು ಬಂದ ವಿಮಲಾ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲವೆಂದು ನನಗೂ ಗೊತ್ತಿತ್ತು.

"ನಮ್ಮ ಮನೆಗೆ ಒಂದು ಎಲ್ಲಿ ಸಾಲುತ್ತೆ ಶ್ರೀಧರ" ಅಂದೆ.