ಬಲಗೆನ್ನೆಗೆ ಎಂಟು ದಿನದ ಮದ್ದು

ನಾನು ಮುಖಕ್ಕೆ ಏನು ಹಚ್ಚಿದರೂ ಹೋಗುವುದು ನೆರಿಗೆಯಲ್ಲ, ನನ್ನ ಮರ್ಯಾದೆ. ಕೊಟ್ಟೂರು–ಹಡಗಲಿ ಬಸ್ಸು ಓಡಿಸಿ ಇಪ್ಪತ್ತೈದು ವರ್ಷವಾಯಿತು. ಕಿಟಕಿಯ ಬಿಸಿಲು ತಿಂದು ತಿಂದು ಎಡಗೆನ್ನೆಗೆ ಐವತ್ತಾದರೆ ಬಲಗೆನ್ನೆಗೆ ಎಪ್ಪತ್ತು. ಅಷ್ಟರಲ್ಲಿ ಹಡಗಲಿಯ ಶಾಲೆಯಲ್ಲಿ ನಮ್ಮ ಬ್ಯಾಚಿನವರು ಮೇಷ್ಟ್ರಿಗೆ ಗುರುವಂದನೆ ಇಟ್ಟುಕೊಂಡರು. ಗೆಳೆಯರ ನಡುವೆ ನಾನೊಬ್ಬನೇ ಮುದುಕನಾಗಿ ಕಾಣಬಾರದೆಂದು ಹಟ ಹಿಡಿದೆ. ಉಳಿದದ್ದು ಎಂಟೇ ದಿನ.

ತತ್ತಿ

ಮೊಬೈಲಿನಲ್ಲಿ ಒಬ್ಬಾಕೆ, ಮೊಟ್ಟೆಯ ಬಿಳಿ ಹಚ್ಚಿದರೆ ಚರ್ಮ ಬಿಗಿಯಾಗುತ್ತದೆ ಎಂದಳು. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಊಟದ ಡಬ್ಬಿಯಲ್ಲಿ ಅಡಗಿಸಿ ತಂದು, ಬಚ್ಚಲಲ್ಲಿ ಹಚ್ಚಿಕೊಂಡೆ. ಒಣಗಿದ್ದೇ ಬಾಯಿ ತೆರೆಯಲಾಗಲಿಲ್ಲ. ಹೊರಬಂದರೆ ಎದುರಿಗೆ ಅವ್ವ.

"ಯಾಕಲೇ, ಮಾರಿ ಹಂಗ್ಯಾಕ ಬಿಗದೈತಿ?"

"ಊಂ" ಎಂದೆ.

"ಲಗೂನ ಬಾರವಾ, ನಿನ್ನ ಗಂಡಗ ಲಕ್ವಾ ಹೊಡದೈತಿ!" ಎಂದು ಸೊಸೆಯನ್ನು ಕೂಗಿದಳು.

ಹೆಂಡತಿ ಓಡಿಬಂದು ನನ್ನ ಕೆನ್ನೆ ಮೂಸಿದಳು. "ಲಕ್ವಾ ಅಲ್ರಿ ಅತ್ತಿ, ತತ್ತಿ."

ಅವ್ವ ಸೊಸೆಯ ಕಡೆ ತಿರುಗಿದಳು. "ಅದರ ವಾಸನಿ ನಿನಗ ಹೆಂಗ ಗೊತ್ತು?"

ಒಲೆಯ ಮೇಲೆ ಹಾಲು ಉಕ್ಕಿತೆಂದು ಹೆಂಡತಿ ಒಳಗೆ ಓಡಿದಳು.

ಬಾಳೆಹಣ್ಣು

ಮರುದಿನ ಬಾಳೆಹಣ್ಣು, ಜೇನು ಕಲಸಿ ಬಳಿದುಕೊಂಡು, ಕಣ್ಣಿಗೆ ಸೌತೆಕಾಯಿ ಬಿಲ್ಲೆ ಇಟ್ಟು ಹಿತ್ತಲಲ್ಲಿ ಮಲಗಿದೆ. ಯಾರೋ ಮೆಲ್ಲಗೆ ಕೆನ್ನೆ ತಿಕ್ಕತೊಡಗಿದರು. ಹೆಂಡತಿಗೆ ಕರುಣೆ ಬಂತೆಂದುಕೊಂಡು, "ಬಲಗಡಿ ಇನ್ನೊಂದೀಟು ಜೋರಾಗಿ ತಿಕ್ಕು" ಎಂದೆ. ಕಣ್ಣಿನ ಸೌತೆಕಾಯಿ ಮಾಯವಾದಾಗ ನೋಡಿದರೆ ಪಕ್ಕದ ಮನೆಯ ಆಡು!

ಆಡಿನ ಯಜಮಾನ ಗಾಬರಿಯಿಂದ ಬಂದ. ನನ್ನ ಕ್ಷೇಮ ಕೇಳುತ್ತಾನೆ ಅಂದುಕೊಂಡೆ. "ಮಾರಿಗೆ ಏನ್ ಹಚ್ಚೀರಿ? ಗಬ್ಬದ ಆಡು ಐತ್ರಿ, ಏನರ ಆದ್ರ ಏನ್ ಗತಿ?" ಎಂದ.

ನಿಂಬೆರಸ

ನಿಂಬೆರಸಕ್ಕೆ ಕೆನ್ನೆ ಉರಿದು ಕೆಂಪಾಗಿ, ಹರಪನಹಳ್ಳಿಯ ಡಾಕ್ಟರ ಬಳಿ ಓಡಿದೆ. "ತತ್ತಿ ಒಣಗಿದಾಗಷ್ಟ ಬಿಗಿ, ತೊಳದ್ರ ಮತ್ತ ಅದ ಮಾರಿ. ಬಿದ್ದ ನೆರಿಗಿ ಹಣ್ಣು-ಕಾಯಿಗೆ ಹೋಗಲ್ಲ. ಬಿಸಿಲಿಗೆ ಮಾರಿ ಕೊಡಬ್ಯಾಡ್ರಿ" ಎಂದರು.

"ಹಂಗಾರ ಬಸ್ಸು ರಿವರ್ಸಿನಾಗ ಒಯ್ಯಲೇನ್ರಿ?" ಎಂದೆ.

ಗುರುವಂದನೆ

ಕೆಂಪು ಕೆನ್ನೆ ಹೊತ್ತೇ ಹೋದೆ. ಬಾಗಿಲಲ್ಲಿದ್ದ ಶಾಲೆಯ ಹುಡುಗಿಯರು ಬಲಗಡೆಯಿಂದ ನೋಡಿದ್ದೇ ತಡ, ಕಾಲಿಗೆ ಬಿದ್ದು, ಕೈಹಿಡಿದು ವೇದಿಕೆ ಹತ್ತಿಸಿದರು. ನಾನು ಮೇಷ್ಟ್ರಲ್ಲ ಅನ್ನುವಷ್ಟರಲ್ಲಿ ಶಾಲು, ಹಾರ, ಪೇಟ ಎಲ್ಲ ಮೈಮೇಲೆ ಬಿದ್ದವು. ಕೆಳಗೆ ಗೆಳೆಯರು ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಸಾಲಿನಲ್ಲೇ ನುಣುಪು ಕೆನ್ನೆಯವರೊಬ್ಬರು ಚಪ್ಪಾಳೆ ತಟ್ಟುತ್ತಿದ್ದರು. ಎಂಬತ್ತು ದಾಟಿದ ನಮ್ಮ ಗಣಿತದ ಮೇಷ್ಟ್ರು!

ಇಳಿದು ಬಂದು ಹಾರವನ್ನು ಅವರ ಕೊರಳಿಗೆ ಹಾಕಿ ಕಾಲು ಮುಟ್ಟಿದೆ. "ಸರ್, ನಿಮ್ಮ ಮಾರಿ ಮ್ಯಾಲ ಒಂದ್ ನೆರಿಗಿ ಇಲ್ಲ. ಏನ್ ಹಚ್ಚತೀರಿ, ಖರೇ ಹೇಳ್ರಿ."

ಮೇಷ್ಟ್ರು ನನ್ನ ಬಲಗೆನ್ನೆ ಸವರಿದರು. "ಏನೂ ಹಚ್ಚಂಗಿಲ್ಲಪ. ನಿಮ್ಮ ಬ್ಯಾಚಿಗೆ ಲೆಕ್ಕ ಹೇಳಿಕೊಡುವಾಗ ಮಾರಿ ತುಂಬ ನೆರಿಗಿ ಇದ್ವು. ನೀವು ಸಾಲಿ ಬಿಟ್ರಿ ನೋಡು, ತಾವ ಹೋದ್ವು."